ಕಸಿ

ತೊಲೆಗೆನ್‌ಗೆ ಸೇಬಿನ ಬಗ್ಗೆ ಗೊತ್ತಿಲ್ಲದ್ದಿಲ್ಲ.
ಹದಿನೇಳು ನೋಟುಪುಸ್ತಕ, ಎಲ್ಲಕ್ಕೂ ನೀಲಿ ರಟ್ಟು,
ತಲ್ಗಾರ್ ಶಾಲೆಯಲ್ಲಿ ಭೂಗೋಳ ಕಲಿಸಿದ ಕೈಯ
ದುಂಡನೆ ಅಕ್ಷರ, ಕೆಂಪು ಶಾಯಿಯ ಅಡಿಗೆರೆ.
ಸೀಳು ಕಸಿ, ನಾಲಗೆ ಕಸಿ, ಕಣ್ಣು ಕಸಿ,
ಯಾವ ಹೊತ್ತಲ್ಲಿ ಕೇಳಿದರೂ ಕಂಠಪಾಠ.
ನಾನು ಅವನ ಹೆಂಡತಿ. ನಲವತ್ತೊಂದು ವರ್ಷದಿಂದ
ಆ ಮೇಜಿನ ಧೂಳು ಒರೆಸುವವಳು.

ಪ್ರತಿ ಫೆಬ್ರವರಿ, ಹಿಮ ಮೊಣಕಾಲುದ್ದ ಬಿದ್ದಿರುವಾಗ,
ಅಂಗಳದ ಮುದಿ ಅಪೋರ್ಟ್ ಮರದಿಂದ
(ಒಂದು ಹಣ್ಣಿಗೆ ಎರಡು ಕೈ ಬೇಕಿತ್ತು ಆಗ,
ಈಗ ಅರ್ಧ ಮೈ ಒಣಗಿದೆ)
ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕೊಯ್ದು
ನೆಲಮಾಳಿಗೆಯ ಒದ್ದೆ ಮರಳಲ್ಲಿ ಹೂತಿಡುತ್ತಾನೆ.
ಏಪ್ರಿಲ್ ಬರುತ್ತದೆ.
ಬೆಟ್ಟದಿಂದ ತಂದು ನೆಟ್ಟ ಕಾಡುಸೇಬಿನ ಸಸಿಗಳಲ್ಲಿ ರಸ ಏರುತ್ತದೆ.
ಅವನು ಇನ್ನೊಂದು ಪುಸ್ತಕ ತರಿಸುತ್ತಾನೆ.
ಮೇ ತಿಂಗಳಲ್ಲಿ ನಾನು ಸತ್ತ ಕಡ್ಡಿಗಳನ್ನು ಆಯ್ದು
ಸಮೋವರ್‌ಗೆ ತುರುಕುತ್ತೇನೆ. ಚೆನ್ನಾಗಿ ಉರಿಯುತ್ತವೆ.
ಏಳು ವರ್ಷ ಹೀಗೇ ಚಹಾ ಕುಡಿದೆವು.

ಈಚೆಗೆ ಫೋನೂ ಸೇರಿತು.
ಪೋಲೆಂಡಿನವನೊಬ್ಬ, ಜಪಾನಿನವನೊಬ್ಬ
ರಾತ್ರಿ ಹನ್ನೊಂದರವರೆಗೆ ನಮ್ಮ ಹಾಸಿಗೆಯಲ್ಲೇ
ಕೊಂಬೆ ಸೀಳುತ್ತಾರೆ.
ಯಾವಾಗ ಮಾಡುತ್ತೀ ಅಂದರೆ,
ಇನ್ನೊಂದು ವಿಷಯ ಸ್ಪಷ್ಟವಾಗಲಿ, ಅನ್ನುತ್ತಾನೆ.
ಕೊಯ್ಯುವ ಕೋನ. ಗಾಳಿಯ ತೇವ. ಚಂದ್ರನ ಪಕ್ಷ.
ಬೈಯಲು ಮನಸ್ಸಾಗುವುದಿಲ್ಲ.
ಓದುತ್ತಿರುವಷ್ಟು ಹೊತ್ತು
ಅವನ ಕೈಯಲ್ಲಿ ಯಾವ ಗಿಡವೂ ಸಾಯುವುದಿಲ್ಲ ನೋಡಿ.

ಜರಡಿ ಹಿಂದಿರುಗಿಸಲು ಬಂದಳು ಪಕ್ಕದ ಮನೆಯ ಬಲ್ಜಾನ್.
ಹತ್ತು ವರ್ಷ, ಮುಂದಿನ ಹಲ್ಲೊಂದು ಮುರಿದಿದೆ.
ಎಣ್ಣೆಬಟ್ಟೆ ಬಿಚ್ಚಿ, ಈ ಚಾಕು ಯಾಕೆ ತಾತ, ಅಂದಳು.
ತಾತ ಮೊದಲನೆಯ ನೋಟುಪುಸ್ತಕ ತೆರೆದ.
ಮೂರನೆಯ ಪುಟದವರೆಗೆ ತಡೆದುಕೊಂಡಳು.
ಆಮೇಲೆ ಚಾಕು ಕಸಿದುಕೊಂಡು ಓಡಿದಳು.

ಕಸಿ ಕಟ್ಟುವ ಮೊದಲು
ಯಾರಾದರೂ ಕಸಿಯಬೇಕಿತ್ತೇನೋ.

ಒಳಗಿನ ಚಪ್ಪಲಿಯಲ್ಲೇ ಕೆಸರಿಗಿಳಿದ ನನ್ನ ಗಂಡ.
ಅಷ್ಟರಲ್ಲಿ ಅವಳು ಕೊಯ್ದಾಗಿತ್ತು, ಸೊಟ್ಟಗೆ,
ಹೆಬ್ಬೆರಳಿನ ರಕ್ತ ಕಡ್ಡಿಗೂ ಮೆತ್ತಿತ್ತು.
ಹಾಗಲ್ಲ, ಅಂದ.
ಹಾಗಲ್ಲ, ಅಂದ.
ಹಾಗಲ್ಲ ಮಗು.
ನಾಲ್ಕನೆಯ ಸಲ ಮಾತು ಬರಲಿಲ್ಲ, ಕೈ ಬಂತು.

ನಡುಗುತ್ತಿತ್ತು ಆ ಕೈ.
ಕಣ್ಣಿಗೆ ಗೊತ್ತಿದ್ದದ್ದು ಅದಕ್ಕೆ ಗೊತ್ತಿರಲಿಲ್ಲ.
ಸುಲಿದ ಕಡ್ಡಿ ಮೀನಿನ ಹಾಗೆ ಜಾರುತ್ತದೆಂದು,
ತೊಗಟೆಯೊಳಗಿನ ಹಸಿರಿಗೆ ಎಳೆ ಸೌತೆಯ ವಾಸನೆಯೆಂದು,
ಕಾದ ಮೇಣ ಉಗುರಿನ ಸಂದಿಯಲ್ಲಿ ಕೂರುತ್ತದೆಂದು,
ಪಟ್ಟಿ ಸುತ್ತುವಾಗ ಮೂರನೆಯ ಕೈ ಬೇಕೆಂದು
ಹದಿನೇಳರಲ್ಲಿ ಎಲ್ಲೂ ಇರಲಿಲ್ಲ.
ನಾನು ಹಿಡಿದುಕೊಂಡೆ.

ಕತ್ತಲಾಗುವಾಗ ಮೂವತ್ತೆರಡು ಸಸಿ ಕಟ್ಟಿದ್ದೆವು.
ಬಲ್ಜಾನಳ ತಾಯಿ ಬೇಲಿಯಾಚೆಯಿಂದ ಕೂಗಿ ಕೂಗಿ ಸುಸ್ತಾಗಿದ್ದಳು.

ಜೂನ್ ಹೊತ್ತಿಗೆ ಇಪ್ಪತ್ತೆಂಟು ಒಣಗಿದವು.
ಚಿಗುರಿದ್ದು ನಾಲ್ಕು.
ಅದರಲ್ಲೊಂದು ಆ ಸೊಟ್ಟ ಕಡ್ಡಿ, ರಕ್ತ ಮೆತ್ತಿದ್ದು.
ಅವಳು ದಿನಾ ಬಂದು ಅದರ ಎಲೆ ಎಣಿಸುತ್ತಾಳೆ,
ಬೇರೆ ಮೂರರ ಕಡೆ ತಿರುಗಿಯೂ ನೋಡುವುದಿಲ್ಲ.

ಒಣಗಿದವನ್ನು ಎಂದಿನಂತೆ ಸಮೋವರ್‌ಗೆ ಒಯ್ಯುತ್ತಿದ್ದೆ.
ತಡಿ ಕುಲ್ಯಾಶ್, ಅಂದ.
ನೆಲದ ಮೇಲೆ ಕಾಲು ಚಾಚಿ ಕೂತು
ಕಟ್ಟು ಬಿಚ್ಚಿ ಒಂದೊಂದನ್ನೇ ಸೀಳಿ ನೋಡಿದ,
ಎಲ್ಲಿ ಕೂಡಲಿಲ್ಲ, ಎಲ್ಲಿ ನೀರು ನಿಂತಿತು,
ಎಲ್ಲಿ ತನ್ನ ಕೈ ಹೆದರಿ ಎರಡು ಸಲ ಕೊಯ್ದಿತ್ತು.

ಹದಿನೆಂಟನೆಯ ನೋಟುಪುಸ್ತಕದಲ್ಲಿ ಈಗ
ಮೇಣದ ಹೆಬ್ಬೆಟ್ಟೊಂದು, ಅದರ ಕೆಳಗೆ ಒಂದೇ ಸಾಲು,
ಅಡಿಗೆರೆಯೂ ಇಲ್ಲ:
ಚಾಕು ಮೊಂಡಾಗಿತ್ತು.

ಚಹಾ ಬಟ್ಟಲಲ್ಲೇ ಆರುತ್ತಿದೆ.
ಅಂಗಳದಿಂದ ಸಾಣೆಕಲ್ಲಿನ ಸದ್ದು.